ಹಲವು ಷೋರೂಂಗಳಿಗೆ ಒಂದೇ ಹೆಸರು: ಆಟೋನೇಷನ್ ಸಂಸ್ಥೆಯ ಅನುಭವದಿಂದ ಕೆಲವು ಪಾಠಗಳು

ವ್ಯಾಪಾರ ಬೆಳೆದಂತೆ ಹೆಸರುಗಳೂ ಬೆಳೆಯುತ್ತವೆ. ತಂದೆಯವರು ತೆರೆದ ಅಂಗಡಿಗೆ ಮನೆದೇವರ ಹೆಸರು, ಹಿರಿಯ ಮಗನ ಪಾಲುದಾರಿಕೆಗೆ ಇನ್ನೊಂದು, ಪಕ್ಕದ ಜಿಲ್ಲೆಯಲ್ಲಿ ಕೊಂಡುಕೊಂಡ ಮಳಿಗೆಗೆ ಅದರ ಹಳೆಯ ಮಾಲೀಕರದೇ ಹೆಸರು. ಹೀಗೆ ಒಂದೇ ಕುಟುಂಬದ ಒಡೆತನದಲ್ಲಿ ನಾಲ್ಕಾರು ನಾಮಫಲಕಗಳು ಸೇರಿಕೊಂಡಾಗ, ಎಲ್ಲವನ್ನೂ ಒಂದೇ ಹೆಸರಿನಡಿ ತರಬೇಕೆಂಬ ಆಲೋಚನೆ ಮೂಡುವುದು ಸಹಜ. ಆದರೆ ಈ ಕಾರ್ಯ ಎಲ್ಲಿಂದ ಆರಂಭವಾಗಬೇಕು? ನಾಮಫಲಕದಿಂದಲೋ, ಲೆಕ್ಕದ ಪುಸ್ತಕದಿಂದಲೋ? ಅಮೆರಿಕದ ಮೋಟಾರು ವಾಹನ ಮಾರಾಟ ಸಂಸ್ಥೆಯೊಂದರ ಅನುಭವವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಪ್ರಯತ್ನ ಮತ್ತು ಹಿನ್ನಡೆ

ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಆಟೋನೇಷನ್, ಆ ದೇಶದ ಬೃಹತ್ ವಾಹನ ಮಾರಾಟ ಸಮೂಹಗಳಲ್ಲಿ ಒಂದು. ಬ್ಲಾಕ್‌ಬಸ್ಟರ್ ವಿಡಿಯೋ ಸಂಸ್ಥೆಯನ್ನು ಬೆಳೆಸಿ ಹೆಸರಾಗಿದ್ದ ವೇಯ್ನ್ ಹೈಜೆಂಗಾ ಅವರು 1990ರ ದಶಕದ ಉತ್ತರಾರ್ಧದಲ್ಲಿ ರಿಪಬ್ಲಿಕ್ ಇಂಡಸ್ಟ್ರೀಸ್ ಎಂಬ ಕಂಪನಿಯ ಮೂಲಕ ಅನೇಕ ನಗರಗಳ ಡೀಲರ್‌ಶಿಪ್‌ಗಳನ್ನು ಖರೀದಿಸಿದರು. ಜೊತೆಗೆ ‘ಆಟೋನೇಷನ್ ಯುಎಸ್‌ಎ’ ಎಂಬ ಹೆಸರಿನಲ್ಲಿ ಬಳಸಿದ ಕಾರುಗಳ ಭಾರಿ ಮಳಿಗೆಗಳನ್ನು ತೆರೆದರು. ಹೆಸರು ಹೊಸದು, ಕಟ್ಟಡ ದೊಡ್ಡದು, ಜಾಹೀರಾತಿಗೂ ಕೊರತೆಯಿರಲಿಲ್ಲ. ಆದರೆ ಮಳಿಗೆಯ ವೆಚ್ಚವನ್ನು ಹೊರುವಷ್ಟು ಲಾಭ ಬರಲಿಲ್ಲ. 1999ರಲ್ಲಿ ಮಾತೃಸಂಸ್ಥೆಯೇ ಆಟೋನೇಷನ್ ಎಂಬ ಹೆಸರನ್ನು ಧರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೈಕ್ ಜಾಕ್ಸನ್ ಮುಖ್ಯ ಕಾರ್ಯನಿರ್ವಾಹಕರಾದರು. ಡಿಸೆಂಬರ್‌ನಲ್ಲಿ ಬಳಸಿದ ಕಾರುಗಳ ಆ ಮಳಿಗೆಗಳ ಪೈಕಿ ಬಹುಪಾಲನ್ನು ಮುಚ್ಚುವ ನಿರ್ಧಾರ ಹೊರಬಿತ್ತು.

ತಾಳ್ಮೆಯ ವರ್ಷಗಳು

ಹೊಸ ಕಾರುಗಳ ಷೋರೂಂಗಳಲ್ಲಿ ಸಂಸ್ಥೆ ಅನುಸರಿಸಿದ ಮಾರ್ಗ ಬೇರೆ. ಅಲ್ಲಿ ಊರಿನವರಿಗೆ ಪರಿಚಿತವಾದ ಹೆಸರುಗಳನ್ನೇ ಮುಂದುವರಿಸಲಾಯಿತು. ದಕ್ಷಿಣ ಫ್ಲಾರಿಡಾದಲ್ಲಿ ‘ಮರೂನ್’, ಡೆನ್ವರ್‌ನಲ್ಲಿ ‘ಗೋ’ ಎಂಬಂತೆ ಪ್ರದೇಶಕ್ಕೊಂದು ಹೆಸರು. ಗ್ರಾಹಕನ ಕಣ್ಣಿಗೆ ಏನೂ ಬದಲಾಗದಿದ್ದರೂ ಒಳಗಿನ ಕೆಲಸ ನಡೆದಿತ್ತು. ಷೋರೂಂಗಳ ಲೆಕ್ಕಪತ್ರ ಕಾರ್ಯವು ಹಂತಹಂತವಾಗಿ ಟೆಕ್ಸಾಸ್‌ನ ಸಾಮಾನ್ಯ ಸೇವಾ ಕೇಂದ್ರವೊಂದಕ್ಕೆ ಸಾಗಿತು.

ಮಾತೃಸಂಸ್ಥೆ ಹೆಸರು ಬದಲಿಸಿಕೊಂಡು ಸುಮಾರು 14 ವರ್ಷಗಳಾದ ಮೇಲೆ, 2013ರ ಜನವರಿಯಲ್ಲಿ, ಈ ಸ್ಥಳೀಯ ಹೆಸರುಗಳೆಲ್ಲ ಆಟೋನೇಷನ್ ಎಂದಾಗಲಿವೆ ಎಂಬ ಪ್ರಕಟಣೆ ಬಂದಿತು. ‘ಮರೂನ್ ಷೆವ್ರೊಲೆ’ ಎಂದಿದ್ದದ್ದು ‘ಆಟೋನೇಷನ್ ಷೆವ್ರೊಲೆ’ ಆಯಿತು. ಮರ್ಸಿಡಿಸ್, ಬಿಎಂಡಬ್ಲ್ಯು ಮೊದಲಾದ ಐಷಾರಾಮಿ ಕಾರುಗಳ ಷೋರೂಂಗಳನ್ನು ಮಾತ್ರ ಈ ಬದಲಾವಣೆಯಿಂದ ಹೊರಗಿಡಲಾಯಿತು. ಅಲ್ಲಿ ಗ್ರಾಹಕನು ತಯಾರಕನ ಹೆಸರನ್ನೇ ಅರಸಿ ಬರುತ್ತಾನೆ. ಏಕೀಕರಣವೆಂದರೆ ಎಲ್ಲೆಡೆ ಒಂದೇ ಬಣ್ಣ ಬಳಿಯುವುದಲ್ಲ ಎಂಬುದಕ್ಕೆ ಇದು ನಿದರ್ಶನ.

ತಯಾರಕರ ಒಪ್ಪಿಗೆ

ಡೀಲರನ ವ್ಯವಹಾರವು ತಯಾರಕರೊಂದಿಗಿನ ಕರಾರಿನ ಮೇಲೆ ನಿಂತಿರುತ್ತದೆ. ಮಾಲೀಕತ್ವದಲ್ಲಾಗಲಿ ಹೆಸರಿನಲ್ಲಾಗಲಿ ಬದಲಾವಣೆ ಮಾಡಲು ಅವರ ಲಿಖಿತ ಸಮ್ಮತಿ ಬೇಕಾಗುವುದು ಸಾಮಾನ್ಯ. 1997ರಲ್ಲಿ ರಿಪಬ್ಲಿಕ್ ಕಂಪನಿಯು ತಮ್ಮ ಷೋರೂಂಗಳನ್ನು ಒಂದರ ಹಿಂದೊಂದರಂತೆ ಕೊಳ್ಳುತ್ತಿರುವುದನ್ನು ಟೊಯೋಟಾ ಹಾಗೂ ಹೋಂಡಾ ಸಂಸ್ಥೆಗಳು ವಿರೋಧಿಸಿದ್ದರಿಂದ ವಿವಾದ ನ್ಯಾಯಾಲಯದವರೆಗೆ ಹೋಗಿತ್ತು.

ಹಾಗಿದ್ದರೂ ಡೀಲರನಿಗೆ ಸ್ವಂತ ಹೆಸರು ಬೇಕು. ಏಕೆಂದರೆ ತಯಾರಕರು ಶಾಶ್ವತರಲ್ಲ. ಭಾರತದಲ್ಲಿ ಜನರಲ್ ಮೋಟಾರ್ಸ್ 2017ರಲ್ಲಿ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆಯನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿತು. ಇಂತಹ ದಿನ ಬಂದಾಗ ಡೀಲರನ ಬಳಿ ಉಳಿಯುವುದು ಅವನ ಕಟ್ಟಡ, ನೌಕರವರ್ಗ ಹಾಗೂ ಅವನದೇ ಹೆಸರಿನ ಮೇಲಿರುವ ವಿಶ್ವಾಸ ಮಾತ್ರ.

ಒಂದೇ ಹೆಸರು, ಒಂದೇ ಹೊಣೆ

ಹೆಸರು ಒಂದಾದರೆ ಕೀರ್ತಿಯಂತೆ ಅಪಕೀರ್ತಿಯೂ ಒಂದಾಗುತ್ತದೆ. ಸುರಕ್ಷತಾ ದೋಷಕ್ಕಾಗಿ ತಯಾರಕರು ಹಿಂದಕ್ಕೆ ಕರೆದ ಕಾರುಗಳನ್ನು ದುರಸ್ತಿಯಾಗದೆ ಮಾರುವುದಿಲ್ಲವೆಂದು ಆಟೋನೇಷನ್ 2015ರಲ್ಲಿ ಘೋಷಿಸಿತು. ಟಕಾಟಾ ಏರ್‌ಬ್ಯಾಗ್‌ಗಳ ಬದಲಿ ಭಾಗಗಳು ಸಕಾಲಕ್ಕೆ ದೊರೆಯದೆ ಕಾರುಗಳು ದಾಸ್ತಾನಿನಲ್ಲೇ ಉಳಿದವು. 2016ರ ನವೆಂಬರ್‌ನಲ್ಲಿ ಸಂಸ್ಥೆ ಆ ನೀತಿಯಿಂದ ಹಿಂದೆ ಸರಿಯಿತು. ಸ್ಥಳೀಯ ಹೆಸರಿನ ಒಂದು ಷೋರೂಂ ಹೀಗೆ ಮಾತು ಬದಲಿಸಿದ್ದರೆ ಅದು ಆ ಊರಿನ ಸುದ್ದಿಯಾಗಿ ಮುಗಿಯುತ್ತಿತ್ತು. ಒಂದೇ ಹೆಸರಿನ ಸಂಸ್ಥೆಗೆ ಅದು ದೇಶದ ಸುದ್ದಿ. ಆದ್ದರಿಂದ ಸಾಮಾನ್ಯ ಹೆಸರಿನಲ್ಲಿ ನೀಡುವ ವಾಗ್ದಾನವನ್ನು ಅತ್ಯಂತ ದುರ್ಬಲ ಶಾಖೆಯೂ ನಡೆಸಿಕೊಡಬಲ್ಲದೇ ಎಂಬುದನ್ನು ಮೊದಲೇ ಅಳೆಯಬೇಕು.

ನಮ್ಮಲ್ಲಿನ ಲೆಕ್ಕ ಮತ್ತು ತೆರಿಗೆ

ನನ್ನ ಕಕ್ಷಿದಾರರೊಬ್ಬರು ತಮ್ಮ ಐದು ವಾಹನ ಮಳಿಗೆಗಳ ನಾಮಫಲಕಗಳನ್ನು ಒಂದು ವಿಜಯದಶಮಿಯಂದು ಬದಲಿಸಿದರು. ಬಿಲ್ಲುಗಳು ಮಾತ್ರ ಮೂರು ಹಳೆಯ ಪಾಲುದಾರಿಕೆ ಸಂಸ್ಥೆಗಳ ಹೆಸರಿನಲ್ಲೇ ಮುಂದುವರಿದವು. ಹೊಸ ಹೆಸರಿಗೆ ಬರೆದ ಚೆಕ್ಕುಗಳು ಜಮೆಯಾಗದೆ ಹಿಂದಿರುಗಿದವು. ಯಾವ ಮಳಿಗೆ ಲಾಭದಲ್ಲಿದೆ, ಯಾವುದು ನಷ್ಟದಲ್ಲಿದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಮರುವರ್ಷ ಅದೇ ಕೆಲಸವನ್ನು ಎರಡನೆಯ ಬಾರಿ ಖರ್ಚು ಮಾಡಿ ಸರಿಪಡಿಸಬೇಕಾಯಿತು. ಇಂತಹ ತೊಂದರೆಯನ್ನು ತಪ್ಪಿಸಲು ಕೆಳಗಿನ ಅಂಶಗಳನ್ನು ಗಮನಿಸುವುದು ಅಗತ್ಯ.

1. ಸ್ವತಃ ಬೆಳೆಸಿದ ಬ್ರ್ಯಾಂಡನ್ನು ಲೆಕ್ಕಪತ್ರ ಮಾನಕ 26ರ ಪ್ರಕಾರ ಆಸ್ತಿಯೆಂದು ತೋರಿಸುವಂತಿಲ್ಲ. ಹೊಸ ಹೆಸರಿನ ಪ್ರಚಾರದ ವೆಚ್ಚ ಆಯಾ ವರ್ಷದ ಲಾಭದಿಂದಲೇ ಕಳೆಯತಕ್ಕದ್ದು. ಬ್ಯಾಂಕಿಗೆ ಸಲ್ಲಿಸುವ ಅಂದಾಜಿನಲ್ಲಿ ಈ ಭಾರವನ್ನು ಮೊದಲೇ ಸೇರಿಸಬೇಕು.

2. ಬೇರೊಬ್ಬರ ಮಳಿಗೆಯನ್ನು ಕೊಳ್ಳುವಾಗ ಗುಡ್‌ವಿಲ್‌ಗಾಗಿ ಕೊಟ್ಟ ಹಣದ ಮೇಲೆ 2020-21ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲಿ ಸವಕಳಿ ದೊರೆಯುವುದಿಲ್ಲ. ಖರೀದಿಸಿದ ಟ್ರೇಡ್‌ಮಾರ್ಕಿಗೆ ದೊರೆಯುತ್ತದೆ. ಆದುದರಿಂದ ಕರಾರಿನಲ್ಲಿ ಎರಡನ್ನೂ ಪ್ರತ್ಯೇಕವಾಗಿ, ನೈಜ ಮೌಲ್ಯದಲ್ಲಿ ನಮೂದಿಸಬೇಕು.

3. ಕಂಪನಿಗಳ ವಿಲೀನದಲ್ಲಿ ಹಳೆಯ ನಷ್ಟವನ್ನು ಮುಂದಕ್ಕೆ ಒಯ್ಯುವ ಸೌಲಭ್ಯವಿರುವುದು ಮುಖ್ಯವಾಗಿ ಕೈಗಾರಿಕಾ ಉದ್ಯಮಗಳಿಗೆ. ಕೇವಲ ವಾಹನ ಮಾರಾಟ ಮಾಡುವ ಕಂಪನಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಷ್ಟದ ಕಂಪನಿಯನ್ನು ಲಾಭದ ಕಂಪನಿಯಲ್ಲಿ ಸೇರಿಸಿ ತೆರಿಗೆ ಉಳಿಸಬಹುದೆಂಬ ಎಣಿಕೆ ಇಲ್ಲಿ ಫಲಿಸದು.

4. ಬೇರೆ ಬೇರೆ ಪ್ಯಾನ್ ಸಂಖ್ಯೆಯುಳ್ಳ ಸಂಸ್ಥೆಗಳ ನಡುವೆ ಸರಕು ಮಾತ್ರ ವರ್ಗಾವಣೆಯಾದರೆ ಜಿಎಸ್‌ಟಿ ತೆರಬೇಕು. ನಡೆಯುತ್ತಿರುವ ವ್ಯವಹಾರವನ್ನೇ ಒಟ್ಟಾಗಿ ವರ್ಗಾಯಿಸಿದರೆ ವಿನಾಯಿತಿ ಇದೆ. ಆಗ ಬಳಕೆಯಾಗದೆ ಉಳಿದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು.

5. ಸಂಸ್ಥೆ ಅದೇ ಆಗಿದ್ದು ಹೆಸರು ಮಾತ್ರ ಬದಲಾದರೆ ಜಿಎಸ್‌ಟಿ ನೋಂದಣಿಯ ತಿದ್ದುಪಡಿಗೆ 15 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹೊಸ ಹೆಸರನ್ನು ಆರಿಸುವ ಮೊದಲೇ ಟ್ರೇಡ್‌ಮಾರ್ಕ್ ನೋಂದಣಿ ದಾಖಲೆಗಳಲ್ಲಿ ಅದು ಬೇರೆಯವರದಾಗಿದೆಯೇ ಎಂದು ಪರಿಶೀಲಿಸಬೇಕು.

ಉಪಸಂಹಾರ

ಮೇಲಿನ ಎಲ್ಲ ಅಂಶಗಳ ಸಾರ ಒಂದೇ. ಮೊದಲು ಎಲ್ಲ ಮಳಿಗೆಗಳ ಖಾತೆ ಶೀರ್ಷಿಕೆಗಳು ಒಂದಾಗಲಿ. ಪ್ರತಿ ತಿಂಗಳೂ ಮಳಿಗೆವಾರು ಲಾಭ-ನಷ್ಟ ಕೈಗೆ ಬರಲಿ. ನಂತರ ಖರೀದಿ, ದಾಸ್ತಾನು, ಸೇವಾ ನಿಯಮಗಳು ಒಂದಾಗಲಿ. ತದನಂತರ ಸಂಸ್ಥೆಗಳ ಕಾನೂನಾತ್ಮಕ ಸ್ವರೂಪ, ತಯಾರಕರ ಮತ್ತು ಬ್ಯಾಂಕಿನ ಒಪ್ಪಿಗೆ. ನಾಮಫಲಕದ ಸರದಿ ಎಲ್ಲಕ್ಕಿಂತ ಕೊನೆಗೆ.

1999ರಲ್ಲಿ ಕೈಬಿಟ್ಟಿದ್ದ ‘ಆಟೋನೇಷನ್ ಯುಎಸ್‌ಎ’ ಹೆಸರನ್ನು ಅದೇ ಸಂಸ್ಥೆ 2016ರಲ್ಲಿ ಮತ್ತೆ ಕೈಗೆತ್ತಿಕೊಂಡು, ಬಳಸಿದ ಕಾರುಗಳ ಮಳಿಗೆಗಳನ್ನು ಪುನಃ ತೆರೆಯುವುದಾಗಿ ಪ್ರಕಟಿಸಿತು. ಹೆಸರು ಅದೇ, ಅದರ ಹಿಂದೆ ಈಗ ಹದಿನೇಳು ವರ್ಷಗಳ ವ್ಯವಸ್ಥೆಯಿತ್ತು. ವರ್ತಕ ಬಾಂಧವರು ಪೇಂಟರನ್ನು ಕರೆಯುವ ಮುನ್ನ ತಮ್ಮ ಲೆಕ್ಕಿಗರನ್ನು ಕರೆಯುವುದು ಕ್ಷೇಮ.