ಜೀವಕೋಶದ ಶುದ್ಧಿಕಾರ್ಯ ಮತ್ತು ಕಂಪವಾತ

ಹಿಂದೆ ನಮ್ಮ ಸೀಮೆಯ ಹಗೇವುಗಳಲ್ಲಿ ತೇವ ತಗುಲಿದ ಜೋಳವನ್ನು ತೆಗೆಯದಿದ್ದರೆ ಒಳ್ಳೆಯ ಕಾಳೂ ಕೆಡುತ್ತಿತ್ತು. ಜೀವಕೋಶದ ನಿಯಮವೂ ಇದೇ. ಕೋಶಕ್ಕೆ ಶಕ್ತಿಯನ್ನೊದಗಿಸುವ ಸೂಕ್ಷ್ಮಾಂಗಗಳಿಗೆ ಮೈಟೊಕಾಂಡ್ರಿಯಗಳೆಂದು ಹೆಸರು. ಅವುಗಳಲ್ಲೊಂದು ಕೆಟ್ಟಾಗ ‘ಪಿಂಕ್-1’ ಎಂಬ ಪ್ರೋಟೀನು ಅದರ ಮೇಲೆ ನೆಲೆಸಿ ‘ಪಾರ್ಕಿನ್’ ಎಂಬುದನ್ನು ಬರಮಾಡಿಕೊಳ್ಳುತ್ತದೆ. ಪಾರ್ಕಿನ್ ಗುರುತು ಹಚ್ಚಿದ ಬಳಿಕ ಕೋಶವು ಕೆಟ್ಟದ್ದನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸುತ್ತದೆ. ಪಾರ್ಕಿನ್ ಜೀನಿನ ದೋಷದಿಂದ ಎಳೆವಯಸ್ಸಿನಲ್ಲೇ ಕಂಪವಾತ ತಲೆದೋರುವುದು 1998ರಲ್ಲಿಯೂ, ಪಿಂಕ್-1ರ ದೋಷದ ಪರಿಣಾಮವು 2004ರಲ್ಲಿಯೂ ತಿಳಿದುಬಂದವು. ನಶಿಸಿದ ನರಕೋಶಗಳು ಮತ್ತೆ ಹುಟ್ಟಲಾರವು. ಕೋಶದ ಈ ಶುದ್ಧಿಕಾರ್ಯವನ್ನು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಅಭ್ಯಸಿಸಲಾಗಿದೆ. ರೋಗವನ್ನು ನಿರ್ಮೂಲಗೊಳಿಸುವ ಮದ್ದು ಇನ್ನೂ ದೊರೆತಿಲ್ಲ; ಆದರೆ ಲಕ್ಷಣಗಳನ್ನು ಹತೋಟಿಯಲ್ಲಿಡುವ ಚಿಕಿತ್ಸೆಯುಂಟು. ಆದುದರಿಂದ ಹಿರಿಯರ ಕೈನಡುಕವನ್ನು ಬರಿಯ ಮುಪ್ಪೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸುವುದು ನಮ್ಮೆಲ್ಲರ ಕರ್ತವ್ಯ.