ಡೀಸೆಲ್ ಕಾರ್ಡ್‌ನಿಂದ ನಮ್ಮ ಸಂಘಕ್ಕೆ ಲಾಭ ಇದೆಯೇ?



ಸಂಘದ ಉಳಿತಾಯ ಮತ್ತು ಬ್ಯಾಂಕ್ ಸಾಲದಿಂದ ಉದ್ಯೋಗ ಆರಂಭಿಸಿದ ಅನೇಕ ಗುಂಪುಗಳು ಈಗ ಸ್ವಂತ ಗಾಡಿ ಇಟ್ಟುಕೊಂಡಿವೆ. ರೊಟ್ಟಿ, ಹಪ್ಪಳ, ಚಟ್ನಿಪುಡಿ, ತರಕಾರಿ, ಹಾಲು, ಏನೇ ಇರಲಿ, ಅಂಗಡಿಗೆ ತಲುಪಿಸಲು ಡೀಸೆಲ್ ಬೇಕೇ ಬೇಕು. ಕಚ್ಚಾ ಸಾಮಾನು ಮತ್ತು ಕೂಲಿ ಬಿಟ್ಟರೆ ಎಷ್ಟೋ ಸಂಘಗಳಲ್ಲಿ ಮುಂದಿನ ದೊಡ್ಡ ಖರ್ಚು ಇದೇ. ಆದ್ದರಿಂದ ಡೀಸೆಲ್ ಕಾರ್ಡ್ ಬಗ್ಗೆ ಯಾರಾದರೂ ಹೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗುವುದು ಸಹಜ. ಈ ಪಾಠದಲ್ಲಿ ಆ ಲೆಕ್ಕವನ್ನು ಕೂತು ಮಾಡೋಣ.

ಒಂದು ಸಂಘದ ಸಭೆ ನಡೆದಿದೆ ಎಂದು ಊಹಿಸಿಕೊಳ್ಳಿ. ಹತ್ತು ಮಂದಿ ಸದಸ್ಯೆಯರು, ಒಂದು ಚಿಕ್ಕ ಸರಕು ಗಾಡಿ.

“ಅಕ್ಕಾ, ಕಾರ್ಡ್ ತಗೊಂಡ್ರೆ ಡೀಸೆಲ್ ಕಮ್ಮಿ ರೇಟಿಗೆ ಸಿಗುತ್ತಂತೆ. ಕಾರ್ಡಿನವ್ರು ಫಾರಂ ಕೊಟ್ಟು ಹೋಗಿದಾರೆ. ನಿಮ್ಮ ಹೆಸರಲ್ಲೇ ಸೈನ್ ಹಾಕಿಬಿಡಿ.”

“ತಡಿ ಮಾರಾಯ್ತಿ, ಸೈನ್ ಹಾಕೋಕೆ ಒಂದು ನಿಮಿಷ ಸಾಕು. ಆದ್ರೆ ಅದು ಯಾವ ಕಾರ್ಡು? ಎಷ್ಟು ಉಳಿಯುತ್ತೆ? ಅದನ್ನ ಮೊದ್ಲು ಹೇಳು.”

ಅಕ್ಕ ಕೇಳಿದ ಎರಡು ಪ್ರಶ್ನೆಗಳೇ ನಮ್ಮ ಪಾಠ.

ಅದು ಯಾವ ಕಾರ್ಡು?

ಮುಖ್ಯವಾಗಿ ಎರಡು ಬಗೆ ಇವೆ.

ಮೊದಲನೆಯದು ತೈಲ ಕಂಪನಿಗಳೇ ಕೊಡುವ ವಾಹನ ಕಾರ್ಡ್. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾ ಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದೂಸ್ತಾನ್ ಪೆಟ್ರೋಲಿಯಂನ ಡ್ರೈವ್ ಟ್ರ್ಯಾಕ್ ಪ್ಲಸ್ ಈ ಜಾತಿಯವು. ಹೆಚ್ಚು ಲಾರಿ ಇರುವ ಮಾಲೀಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ವ್ಯವಸ್ಥೆ ಇದು. ಸಾಮಾನ್ಯವಾಗಿ ಮುಂಚಿತವಾಗಿ ಹಣ ತುಂಬಬೇಕು. ಒಂದೊಂದು ಗಾಡಿಗೆ ಒಂದೊಂದು ಕಾರ್ಡ್, ಗುಪ್ತ ಸಂಖ್ಯೆ, ದಿನಕ್ಕೆ ಇಷ್ಟೇ ಎಂಬ ಮಿತಿ ಹಾಕಬಹುದು. ಖರ್ಚಿಗೆ ತಕ್ಕಂತೆ ಪಾಯಿಂಟ್ ಸಿಗುತ್ತದೆ. ಆದರೆ ಆ ಕಂಪನಿಯ ಬಂಕಿನಲ್ಲಿ ಮಾತ್ರ ನಡೆಯುತ್ತದೆ.

ಎರಡನೆಯದು ಬ್ಯಾಂಕು ಮತ್ತು ತೈಲ ಕಂಪನಿ ಸೇರಿ ಕೊಡುವ ಕ್ರೆಡಿಟ್ ಕಾರ್ಡ್. ಇದು ಸಾಲ. ಇವತ್ತು ಡೀಸೆಲ್ ಹಾಕಿಸಿ, ಬಿಲ್ ಬಂದ ಮೇಲೆ ಗಡುವಿನೊಳಗೆ ಕಟ್ಟಬೇಕು. ಹೆಚ್ಚಾಗಿ ಇದು ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ, ಸಂಘದ ಹೆಸರಿನಲ್ಲಿ ಅಲ್ಲ.

ಮೂರು ತಪ್ಪು ತಿಳುವಳಿಕೆ

1. “ಕಾರ್ಡಿದ್ರೆ ರೇಟು ಕಮ್ಮಿ.” ಹಾಗಿಲ್ಲ. 2017ರ ಜೂನ್ 16ರಿಂದ ದೇಶದೆಲ್ಲೆಡೆ ತೈಲ ಕಂಪನಿಗಳು ದಿನ ದಿನ ದರ ಪರಿಷ್ಕರಿಸುವ ಪದ್ಧತಿ ಬಂತು. ಬಂಕಿನ ಮೀಟರಿನಲ್ಲಿ ಕಾಣುವ ದರ ನಗದು ಕೊಟ್ಟವರಿಗೂ ಕಾರ್ಡ್ ಕೊಟ್ಟವರಿಗೂ ಒಂದೇ. ಕಾರ್ಡಿನ ಲಾಭ ಏನಿದ್ದರೂ ಆಮೇಲೆ ಪಾಯಿಂಟ್ ರೂಪದಲ್ಲಿ ಬರಬೇಕು. ಇಂಥ ಕೊಡುಗೆಗಳು ಶಾಶ್ವತವೂ ಅಲ್ಲ. 2016ರ ಡಿಸೆಂಬರ್‌ನಲ್ಲಿ ಸರ್ಕಾರಿ ತೈಲ ಕಂಪನಿಗಳ ಬಂಕುಗಳಲ್ಲಿ ಡಿಜಿಟಲ್ ಪಾವತಿಗೆ ನೂರಕ್ಕೆ 75 ಪೈಸೆ ರಿಯಾಯಿತಿ ಆರಂಭವಾಯಿತು. ಕ್ರೆಡಿಟ್ ಕಾರ್ಡಿಗೆ ಅದು 2019ರ ಅಕ್ಟೋಬರ್ 1ರಿಂದ ನಿಂತುಹೋಯಿತು.

2. “ಸರ್‌ಚಾರ್ಜ್ ವಿನಾಯಿತಿ ಅಂದ್ರೆ ಉಳಿತಾಯ.” ಬಂಕಿನಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಸಾಮಾನ್ಯವಾಗಿ ನೂರಕ್ಕೆ 1 ರೂಪಾಯಿ ಸರ್‌ಚಾರ್ಜ್ ಬೀಳುತ್ತದೆ. ಅದನ್ನು ಬಿಟ್ಟುಕೊಡುತ್ತೇವೆ ಎನ್ನುವುದೇ ವಿನಾಯಿತಿ. ನಗದು ಕೊಡುವವರಿಗೆ ಆ ಶುಲ್ಕ ಮೊದಲೇ ಇಲ್ಲ! ಇಲ್ಲದ ಖರ್ಚನ್ನು ತಂದು, ಅದನ್ನೇ ಮಾಫಿ ಮಾಡಿದರೆ ಲಾಭ ಹೇಗಾದೀತು? ಅದೂ ಸಾಮಾನ್ಯವಾಗಿ ಒಂದು ಮಿತಿಯೊಳಗಿನ ಬಿಲ್ಲಿಗೆ ಮಾತ್ರ.

3. “ಜಿ.ಎಸ್.ಟಿ. ವಾಪಸ್ ಸಿಗುತ್ತೆ.” ಪೆಟ್ರೋಲ್, ಡೀಸೆಲ್‌ಗಳಿಗೆ 2017ರ ಜುಲೈಯಲ್ಲಿ ಬಂದ ಜಿ.ಎಸ್.ಟಿ. ವಿಧಿಸಿಲ್ಲ, ಬೇರೆ ತೆರಿಗೆಗಳಿವೆ. ಆದ್ದರಿಂದ ಡೀಸೆಲ್ ಬಿಲ್ಲಿನ ಮೇಲೆ ಜಿ.ಎಸ್.ಟಿ. ಮರಳಿ ಪಡೆಯುವ ಮಾತೇ ಬರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ

ಲೆಕ್ಕ ಸುಲಭವಾಗಲಿ ಎಂದು ಡೀಸೆಲ್ ಲೀಟರಿಗೆ 90 ರೂ. ಎಂದು ಇಟ್ಟುಕೊಳ್ಳೋಣ. ಗಾಡಿ ತಿಂಗಳಿಗೆ 1,500 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 15 ಕಿ.ಮೀ. ಕೊಡುತ್ತದೆ. ತಿಂಗಳಿಗೆ 100 ಲೀಟರ್, ಅಂದರೆ 9,000 ರೂ.

ಕಾರ್ಡಿನಿಂದ ನೂರಕ್ಕೆ 1 ರೂಪಾಯಿ ಮರಳಿ ಬರುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 90 ರೂ., ವರ್ಷಕ್ಕೆ 1,080 ರೂ. ಕಾರ್ಡಿಗೆ ವಾರ್ಷಿಕ ಶುಲ್ಕ 500 ರೂ., ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. 90 ರೂ. ಇದ್ದರೆ, ಒಟ್ಟು 590 ರೂ. ಹೋಯಿತು. ಉಳಿದದ್ದು ವರ್ಷಕ್ಕೆ 490 ರೂ. ಹತ್ತು ಮಂದಿಗೆ ಹಂಚಿದರೆ ತಲೆಗೆ 49 ರೂ.!

“ಇರ್ಲಿ ಅಕ್ಕಾ, 490 ಆದ್ರೂ ಬಂತಲ್ಲ, ಹನಿಗೂಡಿದರೆ ಹಳ್ಳ” ಎನ್ನಬಹುದು. ಸರಿ, ಆದರೆ ಹಳ್ಳಕ್ಕೆ ತೂತು ಎಲ್ಲಿದೆ ಎಂದೂ ನೋಡಬೇಕು.

ಮೊದಲ ತೂತು: ಗಡುವು ತಪ್ಪುವುದು. ಹಬ್ಬದ ತಿಂಗಳು ಅಂಗಡಿಯವರು ಹಣ ಕೊಡಲಿಲ್ಲ, ಕಾರ್ಡಿನ 9,000 ಕಟ್ಟಲಾಗಲಿಲ್ಲ. ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದರೆ 315 ರೂ. ತಡವಾದುದಕ್ಕೆ ದಂಡ 500 ರೂ. ಎರಡರ ಮೇಲೂ ಶೇಕಡಾ 18 ಜಿ.ಎಸ್.ಟಿ. ಸೇರಿ ಸುಮಾರು 962 ರೂ. ಒಂದೇ ಒಂದು ತಿಂಗಳ ತಪ್ಪಿಗೆ ಹೆಚ್ಚುಕಡಿಮೆ ಎರಡು ವರ್ಷದ ಲಾಭ ಕೊಚ್ಚಿಹೋಯಿತು. ಸಾಲದ್ದಕ್ಕೆ, ಹಳೆಯ ಬಾಕಿ ಪೂರ್ತಿ ತೀರುವ ತನಕ ಹೊಸದಾಗಿ ಹಾಕಿಸಿದ ಡೀಸೆಲ್‌ಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ.

ಎರಡನೇ ತೂತು: ಸುತ್ತು ದಾರಿ. ಕಾರ್ಡ್ ನಡೆಯುವ ಬಂಕು ನಮ್ಮ ದಾರಿಯಿಂದ 4 ಕಿ.ಮೀ. ಆಚೆ ಇದ್ದರೆ ಹೋಗಿಬರಲು 8 ಕಿ.ಮೀ., ಅಂದರೆ 48 ರೂಪಾಯಿ ಡೀಸೆಲ್. ತಿಂಗಳಿಗೆ ನಾಲ್ಕು ಸಲ ಹೋದರೆ 192 ರೂ. ಸಿಕ್ಕಿದ್ದು 90!

ಮೂರನೇ ತೂತು: ಸುಮ್ಮನೆ ಕುಳಿತ ಹಣ. ಮುಂಗಡ ತುಂಬುವ ಕಾರ್ಡಿನಲ್ಲಿ ಸದಾ 5,000 ರೂ. ಬಿದ್ದಿರುತ್ತದೆ ಎಂದುಕೊಳ್ಳಿ. ಅದೇ ಹಣವನ್ನು ಸದಸ್ಯೆಯೊಬ್ಬರಿಗೆ ನೂರಕ್ಕೆ 1 ರೂ. ಬಡ್ಡಿಗೆ ಆಂತರಿಕ ಸಾಲ ಕೊಟ್ಟಿದ್ದರೆ ಸಂಘಕ್ಕೆ ತಿಂಗಳಿಗೆ 50 ರೂ. ಬರುತ್ತಿತ್ತು. ಅವಳ ಕಷ್ಟವೂ ತೀರುತ್ತಿತ್ತು.

ಸಹಿ ಯಾರದು?

ಇದು ಹಣಕ್ಕಿಂತ ದೊಡ್ಡ ಮಾತು. ಕ್ರೆಡಿಟ್ ಕಾರ್ಡ್ ಅಧ್ಯಕ್ಷೆಯ ಹೆಸರಿನಲ್ಲಿದ್ದರೆ ಬಾಕಿಗೆ ಹೊಣೆ ಅವಳೊಬ್ಬಳೇ. ಬಾಕಿ ಉಳಿದರೆ ಸಾಲದ ದಾಖಲೆಯಲ್ಲಿ ಅವಳ ಹೆಸರಿಗೆ ಕಪ್ಪು ಚುಕ್ಕೆ ಬೀಳುತ್ತದೆ. ನಾಳೆ ಮಗಳ ಓದಿಗೋ ಮನೆ ರಿಪೇರಿಗೋ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನೇ ನೋಡುತ್ತಾರೆ. ಸಂಘದ ಡೀಸೆಲ್ ಸಾಲವನ್ನು ಒಬ್ಬ ಸಹೋದರಿಯ ಬೆನ್ನ ಮೇಲೆ ಹೊರಿಸುವುದು ನ್ಯಾಯವೇ?

ಹಾಗಾದರೆ ಕಾರ್ಡ್ ಪ್ರಯೋಜನವೇ ಇಲ್ಲವೇ?

ಇದೆ. ಆದರೆ ಅದರ ನಿಜವಾದ ಪ್ರಯೋಜನ ಪಾಯಿಂಟ್ ಅಲ್ಲ, ಲೆಕ್ಕ. ಯಾವ ಗಾಡಿಗೆ, ಯಾವ ದಿನ, ಎಷ್ಟು ಹಣದ ಡೀಸೆಲ್ ಎಂಬುದು ಪಟ್ಟಿಯಾಗಿ ಬರುತ್ತದೆ. ಡ್ರೈವರ್ ಕೈಗೆ ನಗದು ಕೊಡಬೇಕಿಲ್ಲ. ಮೂರು ನಾಲ್ಕು ಗಾಡಿ, ತಿಂಗಳಿಗೆ 1,000 ಲೀಟರ್ ಇರುವ ಒಕ್ಕೂಟಕ್ಕೆ ನೂರಕ್ಕೆ 1 ರೂ. ಎಂದರೂ ತಿಂಗಳಿಗೆ 900 ರೂ. ಬಂಕು ದಾರಿಯಲ್ಲೇ ಇದ್ದು, ಪಟ್ಟಿ ನೋಡುವವರು ಒಬ್ಬರಿದ್ದರೆ ಅಂಥವರು ಮುಂಗಡ ತುಂಬುವ ಕಾರ್ಡ್ ತಗೊಳ್ಳಬಹುದು.

ಪಟ್ಟಿ ಬಂದರೆ ಸಾಲದು, ಓದಬೇಕು. ಗುಪ್ತ ಸಂಖ್ಯೆ ಗೊತ್ತಿದ್ದವರು ಡಬ್ಬಕ್ಕೆ ಹಾಕಿಸಿದರೂ ಬಿಲ್ ಸರಿಯಾಗೇ ಕಾಣುತ್ತದೆ. ಅದನ್ನು ಹಿಡಿಯುವುದು ಕಾರ್ಡಲ್ಲ, ನಮ್ಮ ಪುಸ್ತಕ.

ಒಂದು ಗಾಡಿಯ ಸಂಘಕ್ಕೆ ಪುಸ್ತಕವೇ ಕಾರ್ಡ್

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಐದು ಗೆರೆ ಎಳೆಯಿರಿ: ತಾರೀಖು, ಮೀಟರ್ ಕಿ.ಮೀ., ಲೀಟರ್, ರೂಪಾಯಿ, ಸಹಿ. ಇವತ್ತು ಟ್ಯಾಂಕ್ ಪೂರ್ತಿ ತುಂಬಿಸಿ ಕಿ.ಮೀ. ಬರೆಯಿರಿ. ಮತ್ತೆ ಪೂರ್ತಿ ತುಂಬಿಸುವಾಗ ಓಡಿದ ಕಿ.ಮೀ.ಯನ್ನು ಆಗ ಹಾಕಿಸಿದ ಲೀಟರಿನಿಂದ ಭಾಗಿಸಿ. ನಡುವೆ ಸ್ವಲ್ಪ ಸ್ವಲ್ಪ ಹಾಕಿಸಿದ್ದರೆ ಅದನ್ನೂ ಲೀಟರಿಗೆ ಕೂಡಿಸಿ.

1,500 ಕಿ.ಮೀ.ಗೆ 100 ಲೀಟರ್ ಬದಲು 110 ಲೀಟರ್ ಆಗಿದ್ದರೆ 900 ರೂ. ಎಲ್ಲೋ ಸೋರಿದೆ. ಯಾವ ಕಾರ್ಡಿನ ಪಾಯಿಂಟೂ ಇದಕ್ಕೆ ಸಾಟಿಯಲ್ಲ. ಆದರೆ ಕೂಡಲೇ ಡ್ರೈವರ್ ಅಣ್ಣನ ಮೇಲೆ ಗೂಬೆ ಕೂರಿಸಬೇಡಿ. ಚಕ್ರದ ಗಾಳಿ ಕಮ್ಮಿಯಾದರೆ, ಏರ್ ಫಿಲ್ಟರ್ ಕಟ್ಟಿಕೊಂಡರೆ, ಲೋಡ್ ಜಾಸ್ತಿಯಾದರೆ, ರಸ್ತೆ ಹದಗೆಟ್ಟರೆ ಮೈಲೇಜ್ ಇಳಿಯುತ್ತದೆ. ಬಂಕಿನ ಅಳತೆಯ ಮೇಲೆ ಸಂಶಯವಿದ್ದರೆ ಮುದ್ರೆಯಿರುವ 5 ಲೀಟರ್ ಅಳತೆಪಾತ್ರೆಯಲ್ಲಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಎಲ್ಲ ನೋಡಿ, ಡ್ರೈವರನ್ನೂ ಕೂರಿಸಿಕೊಂಡು ಮಾತಾಡಿ.

ಹಣವನ್ನು ಸಂಘದ ಖಾತೆಯಿಂದಲೇ ನೇರವಾಗಿ ಬಂಕಿಗೆ ಕಳುಹಿಸಿ ಬಿಲ್ ಇಟ್ಟುಕೊಂಡರೆ ಕಾರ್ಡಿನ ಮುಕ್ಕಾಲು ಪಾಲು ಉಪಯೋಗ ಶುಲ್ಕವಿಲ್ಲದೆ ಸಿಕ್ಕಂತೆ.

ಸಭೆಯಲ್ಲಿ ಚರ್ಚಿಸಿ

1. ಕಳೆದ ತಿಂಗಳು ನಮ್ಮ ಗಾಡಿಗೆ ಎಷ್ಟು ಲೀಟರ್ ಹಾಕಿಸಿದೆವು? ಎಷ್ಟು ಕಿ.ಮೀ. ಓಡಿತು?
2. ನಮ್ಮ ದಾರಿಯಲ್ಲಿ ಯಾವ ಕಂಪನಿಯ ಬಂಕು ಇದೆ?
3. ಕಾರ್ಡ್ ಬೇಕೆಂದರೆ ಯಾರ ಹೆಸರಿಗೆ? ಬಾಕಿ ಉಳಿದರೆ ಯಾರು ಕಟ್ಟುತ್ತಾರೆ? ನಿರ್ಣಯ ಪುಸ್ತಕದಲ್ಲಿ ಬರೆದಿದ್ದೇವೆಯೇ?
4. ವಾರ್ಷಿಕ ಶುಲ್ಕ, ಬಡ್ಡಿ, ದಂಡ, ಪಾಯಿಂಟ್‌ನ ಅವಧಿ ಇವನ್ನು ಲಿಖಿತವಾಗಿ ಕೇಳಿದ್ದೇವೆಯೇ?

ಈ ವಾರ ಮಾಡುವ ಕೆಲಸ: ಗಾಡಿ ಪುಸ್ತಕ ಆರಂಭಿಸಿ. ಮೂರು ತಿಂಗಳು ತಪ್ಪದೆ ಬರೆಯಿರಿ. ಆಮೇಲೆ ಆ ಪುಸ್ತಕ ಮುಂದಿಟ್ಟುಕೊಂಡು ಕಾರ್ಡಿನ ಫಾರಂ ತೆಗೆಯಿರಿ. ಸಹಿ ಹಾಕಬೇಕೋ ಬೇಡವೋ ಎಂಬುದನ್ನು ಕಾರ್ಡ್ ಮಾರುವವರಲ್ಲ, ನಿಮ್ಮ ಲೆಕ್ಕವೇ ಹೇಳುತ್ತದೆ.