ಗಾಳಿಗೆ ಮುರಿದ ಮರದ ತಲೆ ಬೋಳಿಸಬೇಡಿ

ಮುಂಗಾರಿಗೆ ಮೊದಲಿನ ಬಿರುಗಾಳಿ ಮಳೆ ಬಂದುಹೋದ ಮರುದಿನವೇ ಅಂಗಳಗಳಲ್ಲಿ ಮಚ್ಚು ಕೊಡಲಿ ಹೊರಬರುತ್ತವೆ. ಗುಲ್‌ಮೊಹರಿನ ಒಂದು ಕೊಂಬೆ ಮುರಿದಿದ್ದರೆ ಗಟ್ಟಿಯಾಗಿರುವ ಉಳಿದವನ್ನೂ ಕಡಿದು ಮೋಟು ನಿಲ್ಲಿಸುತ್ತಾರೆ. ಎಷ್ಟು ಹೇಳಿದರೂ ಪ್ರತಿ ವರ್ಷ ಇದೇ ತಪ್ಪು. ಮರ ಗಿಡ್ಡವಾದರೆ ಗಾಳಿಗೆ ಸಿಗುವುದಿಲ್ಲವಲ್ಲ ಎನ್ನುತ್ತಾರೆ. ನಿಜ, ಮೊದಲ ವರ್ಷ ಸಿಗುವುದಿಲ್ಲ. ಆಮೇಲೆ ಮೋಟಿನ ತುದಿಯಲ್ಲಿ ಗುಂಪು ಗುಂಪಾಗಿ ಚಿಗುರು ನುಗ್ಗುತ್ತದೆ. ಅದು ಬೆಳೆದು ಭಾರವಾದರೂ ಹಿಡಿತ ಮಾತ್ರ ಮೇಲುಮೇಲಿನದು. ಅಷ್ಟರಲ್ಲಿ ಕೆಳಗಿನ ಮೋಟು ಕೊಳೆಯತೊಡಗಿರುತ್ತದೆ. ಮುಂದಿನ ಗಾಳಿಗೆ ಮೊದಲು ಹೆಂಚಿನ ಮೇಲೆ ಬೀಳುವುದು ಈ ಕೊಂಬೆಗಳೇ. ಗಾಳಿಯ ಒತ್ತಡ ಇಳಿಸಲೇಬೇಕೆಂದರೆ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡದಿಂದ ತೆಗೆದು ಮರವನ್ನು ತೆಳುವಾಗಿಸಿ. ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಮುಟ್ಟಬೇಡಿ.

ಮುರಿದ ಕೊಂಬೆಗೆ ಗರಗಸವೇ ಬೇಕು, ಮಚ್ಚಲ್ಲ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಕೊಂಬೆಯ ದಪ್ಪದ ಮೂರರಲ್ಲೊಂದು ಪಾಲು ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಕೊನೆಗೆ ಉಳಿದ ತುಂಡನ್ನು ಕೊಂಬೆ ಬುಡದ ಉಬ್ಬಿನ ಅಂಚಿಗೆ ಕತ್ತರಿಸಿ. ಉಬ್ಬು ಮರದಲ್ಲೇ ಉಳಿಯಬೇಕು, ಏಕೆಂದರೆ ಗಾಯವನ್ನು ಮುಚ್ಚುವ ತೊಗಟೆ ಬೆಳೆಯುವುದು ಅಲ್ಲಿಂದಲೇ. ಒಂದೇ ಏಟಿಗೆ ಮೇಲಿನಿಂದ ಕಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಗಾಯಕ್ಕೆ ಸಗಣಿ, ಡಾಂಬರು, ಸಿಮೆಂಟು ಯಾವುದೂ ಬೇಡ. ಅವು ತೇವವನ್ನು ಒಳಗೇ ಕಟ್ಟಿಹಾಕುತ್ತವೆ. ಮಳೆಗಾಲ ಎದುರಿಗಿರುವಾಗ ಶೇ 10ರ ಬೋರ್ಡೋ ಮುಲಾಮು ಸಾಕು. 100 ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲೂ 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆ ಬೇರೆ ಕಲಸಿ, ಬಳಿಕ ಎರಡನ್ನೂ ಕೂಡಿಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪಡರಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಂದೇ ಬಳಸಿ ಮುಗಿಸಿ. ಅಡಿಕೆಗೆ ಹೊಡೆದು ಮಿಕ್ಕ ಶೇ 1ರ ದ್ರಾವಣ ಬಳಿದು ಮದ್ದು ಹಚ್ಚಿದೆವು ಎನ್ನುವುದು ಬರೀ ಸಮಾಧಾನ. ಸರಿಯಾದ ಮುಲಾಮಾದರೂ ಶಿಲೀಂಧ್ರವನ್ನು ಕೊಂಚ ಕಾಲ ತಡೆಯುತ್ತದೆಯೇ ಹೊರತು ಕೆಟ್ಟ ಕೊಯ್ತವನ್ನು ಸರಿಪಡಿಸದು. ಚೇತರಿಸಿಕೊಳ್ಳಲೆಂದು ಯೂರಿಯಾ ಸುರಿಯುವುದಂತೂ ಬೇಡವೇ ಬೇಡ.

ವಾಲಿದ ಎಳೆ ಗಿಡವನ್ನು ಬೇರು ಒಣಗುವ ಮೊದಲೇ ಎತ್ತಿ, ಮಣ್ಣು ತುಳಿದು, ಬಟ್ಟೆಪಟ್ಟಿಯಿಂದ ಸಡಿಲವಾಗಿ ಗೂಟಕ್ಕೆ ಕಟ್ಟಿ. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆಯುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಬೇರೆದ್ದು ವಾಲಿದ ದೊಡ್ಡ ಮರವನ್ನು ಎತ್ತಿ ನಿಲ್ಲಿಸುವ ಸಾಹಸ ಬೇಡ, ತೆಗೆಸಿಬಿಡಿ. ತಂತಿಯ ಮೇಲೆ ಬಿದ್ದ ಕೊಂಬೆಗೆ ಕೈ ಹಾಕದೆ 1912ಕ್ಕೆ ಕರೆ ಮಾಡಿ; ಲೈನ್‌ಮ್ಯಾನ್ ಬಂದು ಕರೆಂಟು ತೆಗೆದ ಮೇಲಷ್ಟೇ ಮರ ಮುಟ್ಟಿ.